ಅಪ್‌ಡೇಟ್: ದೊಡ್ಡಪ್ಪನವರ ಎಂಆರ್‌ಐನಲ್ಲಿ ಉತ್ತರ ಸಿಕ್ಕಿದ್ದು ಡಿಡಬ್ಲ್ಯೂಐ ಚಿತ್ರದಲ್ಲಿ
ವಿಜಯಪುರದಲ್ಲಿರುವ ನಮ್ಮ ದೊಡ್ಡಪ್ಪನವರಿಗೆ ಎರಡೇ ತಿಂಗಳಲ್ಲಿ ಮರೆವು ವಿಪರೀತವಾಗಿ, ರೊಟ್ಟಿ ಮುರಿಯಲು ಹೋದ ಕೈ ಇದ್ದಕ್ಕಿದ್ದಂತೆ ಜಿಗಿಯುತ್ತಿದೆ, ಪ್ರಿಯಾನ್ ರೋಗದ (ಕೆಟ್ಟ ರೂಪ ತಾಳಿದ ಪ್ರೋಟೀನಿನಿಂದ ಮಿದುಳು ಬೇಗ ಹಾಳಾಗುವ ರೋಗ) ಶಂಕೆಗೆ ಯಾವ ಬಗೆಯ ಎಂಆರ್‌ಐ ಮಾಡಿಸಬೇಕು ಎಂದು ಹೋದ ವಾರ ನಿಮ್ಮನ್ನು ಕೇಳಿದ್ದೆ.

ಕಾಂಟ್ರಾಸ್ಟ್ (ಚಿತ್ರದಲ್ಲಿ ಕೆಲವು ಭಾಗ ಹೊಳೆಯುವಂತೆ ನರಕ್ಕೆ ಕೊಡುವ ಔಷಧ) ಕೊಡಿಸಿರಿ ಎಂಬ ಸಲಹೆಯಿಂದ ಹೊಸದೇನೂ ತಿಳಿಯಲಿಲ್ಲ; ಈ ರೋಗದಲ್ಲಿ ಮಿದುಳು ಸಾಮಾನ್ಯವಾಗಿ ಆ ಔಷಧಕ್ಕೆ ಹೊಳೆಯುವುದಿಲ್ಲವಂತೆ. ಹೆಚ್ಚು ಕಾಂತಶಕ್ತಿಯ 3 ಟೆಸ್ಲಾ ಯಂತ್ರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ, 1.5 ಟೆಸ್ಲಾ ಸಾಕಾಯಿತು. ಫಲ ಕೊಟ್ಟದ್ದು, ಡಿಡಬ್ಲ್ಯೂಐ (ಮಿದುಳಿನಲ್ಲಿ ನೀರಿನ ಅಣುಗಳ ಚಲನೆಯನ್ನು ತೋರಿಸುವ ಎಂಆರ್‌ಐ ಚಿತ್ರ) ಮತ್ತು ಎಡಿಸಿ (ಆ ಚಲನೆಯ ಅಳತೆಯ ನಕ್ಷೆ) ಎರಡನ್ನೂ ಕೇಳಿ ಮಾಡಿಸಿರಿ ಎಂದವರ ಮಾತು. ಡಿಡಬ್ಲ್ಯೂಐ ಚಿತ್ರದಲ್ಲಿ ಮಿದುಳಿನ ಹೊರಪದರದ ಮಡಿಕೆಗಳ ಗುಂಟ ಬಿಳಿ ರಿಬ್ಬನ್ ಹಾಸಿದಂತೆ ಕಾಣುತ್ತಿತ್ತು, ಒಳಗಿನ ಕಾಡೇಟ್ ಮತ್ತು ಪುಟಾಮೆನ್ ಭಾಗಗಳೂ ಬೆಳ್ಳಗಿದ್ದವು. ಎಡಿಸಿ ನಕ್ಷೆಯಲ್ಲಿ ಅವೇ ಜಾಗಗಳು ಕಪ್ಪಾಗಿದ್ದುದರಿಂದ, ಅಲ್ಲಿ ನೀರಿನ ಅಣುಗಳ ಚಲನೆ ನಿಜವಾಗಿಯೂ ಕುಂಠಿತವಾಗಿದೆ ಎಂದು ವೈದ್ಯರು ತೋರಿಸಿ ವಿವರಿಸಿದರು. ಅದೇ ದಿನ ತೆಗೆದ ಫ್ಲೇರ್ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಇದೆಲ್ಲ ಬಲು ಮಸುಕಾಗಿತ್ತು. ಡಿಡಬ್ಲ್ಯೂಐ ಬೇಗ ಮುಗಿಯುವುದರಿಂದ ಕೈ ಜಿಗಿತದ ನಡುವೆಯೂ ಚಿತ್ರ ಕೆಡಲಿಲ್ಲ.

ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ, ಇದಕ್ಕೂ ಮೊದಲು ಒಮ್ಮೆ ಮಾಡಿಸಿದ್ದ ಎಂಆರ್‌ಐನ ಸಿಡಿಯಲ್ಲಿಯೂ ಡಿಡಬ್ಲ್ಯೂಐ ಇತ್ತು, ಆ ರಿಬ್ಬನ್ನೂ ಇತ್ತು. ವಯೋಸಹಜ ಬದಲಾವಣೆ ಎಂದು ಬರೆದ ವರದಿಯಲ್ಲಿ ಮಾತ್ರ ಅದು ಬಿಟ್ಟುಹೋಗಿತ್ತು. ದಯವಿಟ್ಟು ಹಳೆಯ ಸಿಡಿಯನ್ನು ಜೋಪಾನವಾಗಿಡಿರಿ, ಶಂಕೆ ಏನೆಂಬುದನ್ನು ವೈದ್ಯರ ಚೀಟಿಯಲ್ಲಿಯೇ ಬರೆಯಿಸಿರಿ.

ಫಿಟ್ಸ್ ಬಂದ ಮೇಲೂ ಇಂಥ ಬಿಳುಪು ಕಾಣಬಹುದು, ಚಿಕಿತ್ಸೆಗೆ ಬಗ್ಗುವ ಆಟೋಇಮ್ಯೂನ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆರಗುವ) ಮಿದುಳಿನ ಉರಿಯೂತವೂ ಇದೇ ಲಕ್ಷಣಗಳನ್ನು ತೋರಬಹುದು. ಅದಕ್ಕಾಗಿ ಬೆನ್ನಿನ ನೀರು ತೆಗೆದು ಪ್ರಿಯಾನನ್ನು ಪತ್ತೆ ಮಾಡುವ ಆರ್‌ಟಿ-ಕ್ವಿಕ್ ಪರೀಕ್ಷೆಗೂ ಕಳುಹಿಸಿದ್ದಾರೆ. ಅದರ ವರದಿ ಇನ್ನೂ ಬಂದಿಲ್ಲ. ದೊಡ್ಡಪ್ಪನವರು ಸದ್ಯ ಮನೆಯಲ್ಲಿದ್ದಾರೆ, ದೊಡ್ಡಮ್ಮನವರೇ ತುತ್ತು ಮಾಡಿ ಉಣಿಸುತ್ತಿದ್ದಾರೆ.