ಅಪ್‌ಡೇಟ್: ಹಳೆಯ ಗೆಳೆಯನೊಂದಿಗೆ ಮಾತು ಮತ್ತೆ ಕೂಡಿತು

70 ದಾಟಿದ ನನ್ನ ಬಾಲ್ಯದ ಗೆಳೆಯನಿಗೆ ಕಿವಿ ಮಂದವಾಗಿದೆ, ಫೋನಿನಲ್ಲಿ ಮಾತು ಮುಂದುವರಿಯುವುದೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಎದುರಿಗೆ ಕುಳಿತು ಮಾತನಾಡಿ ಎಂದಿದ್ದಿರಿ. ಹೋಗಿ ಬಂದೆ.

ಕೂಗಬೇಡಿ ಎಂದವರ ಸಲಹೆಯೇ ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ವಯಸ್ಸಾದಂತೆ ಮೊದಲು ಕುಗ್ಗುವುದು ಹೆಚ್ಚಿನ ಕಂಪನಾಂಕದ ಸದ್ದುಗಳನ್ನು ಕೇಳುವ ಶಕ್ತಿ. ಸ, ಶ, ಫ ಮುಂತಾದ ವ್ಯಂಜನಗಳು ತಪ್ಪಿಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಹಾಗಾಗಿ ಸದ್ದು ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಟಿವಿ ಆರಿಸಿ, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕುಳಿತು, ನಿಧಾನವಾಗಿ ಮಾತನಾಡಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತ ಉತ್ತರಿಸತೊಡಗಿದ. ಆಗ ನನಗಾದ ಸಂತೋಷ ಹೇಳತೀರದು!

10ರಿಂದ 30ರ ನಡುವಿನ ವಯಸ್ಸಿನ ನೆನಪುಗಳೇ ಮುಪ್ಪಿನಲ್ಲಿ ಹೆಚ್ಚಾಗಿ ಮೇಲೆದ್ದು ಬರುತ್ತವೆ ಎಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಹಳೆಯ ಫೋಟೊಗಳನ್ನು ಒಯ್ದದ್ದು ಅದಕ್ಕೇ. ನಾನು ಮರೆತಿದ್ದ ಹೆಸರುಗಳನ್ನು ಅವನು ಒಂದೊಂದಾಗಿ ಹೇಳಿದ. ತೀರಿಕೊಂಡವರನ್ನು ನೆನೆದು ಇಬ್ಬರೂ ಅತ್ತೆವು. ಅದೂ ಬೇಕಾಗಿತ್ತು.

ಕಿವಿ ಪರೀಕ್ಷೆಗೆ ಒಪ್ಪಿದ್ದಾನೆ, ಮಗಳು ಕರೆದೊಯ್ಯುತ್ತಾಳೆ. ಅಲ್ಲಿಯವರೆಗೆ ಮೊಬೈಲ್ ಸಂದೇಶ, ವಿಡಿಯೊ ಕರೆ. ಸಲಹೆ ಕೊಟ್ಟ ಎಲ್ಲರಿಗೂ ಕೃತಜ್ಞತೆಗಳು.