ಸಹಾಯ ಬೇಕು: ಕರೆಂಟ್ ಉಳಿತಾಯ ಯೋಜನೆಗಳ ಲೆಕ್ಕ ಎಲ್ಲಿ ಸಿಗುತ್ತದೆ?

ನಮಸ್ಕಾರ, ನಾನು ಸಕಲೇಶಪುರದ ಕಡೆಯವನು. ಎಲ್‌ಇಡಿ ಬಲ್ಬು, ಕಡಿಮೆ ಕರೆಂಟ್ ಎಳೆಯುವ ಪಂಪ್‌ಸೆಟ್, ಇಂಥ ಉಳಿತಾಯ ಯೋಜನೆಗಳಿಗೆ ವಿದ್ಯುತ್ ಕಂಪನಿ ಮಾಡುವ ಖರ್ಚನ್ನು ಕೆಇಆರ್‌ಸಿ (ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ) ಒಪ್ಪಿದರೆ ಅದು ದರಕ್ಕೆ ಸೇರುತ್ತದೆ. ಅಂದರೆ ನಮ್ಮ ಬಿಲ್ಲಿನ ದುಡ್ಡೇ. ಹಾಗಾದರೆ ಎಷ್ಟು ಯೂನಿಟ್ ಉಳಿಯಿತು ಅಂತ ನಮಗೂ ಗೊತ್ತಾಗಬೇಕು ಅಲ್ವಾ? ಎಷ್ಟು ಬಲ್ಬು ಹಂಚಿದರು ಅನ್ನುವುದು ಉಳಿತಾಯದ ಲೆಕ್ಕ ಅಲ್ಲ. ಅದು ಉರಿಯುತ್ತಿದೆಯೋ, ಡಬ್ಬಿಯಲ್ಲೇ ಕೂತಿದೆಯೋ, ಯಾರಾದರೂ ಹೋಗಿ ನೋಡಬೇಕು.

2003ರ ವಿದ್ಯುತ್ ಕಾಯ್ದೆ ಪ್ರಕಾರ ದರ ನಿಗದಿಗೆ ಮುಂಚೆ ಜನರ ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಈ ಸಲ ನಾನೂ ಒಂದು ಬರೆಯೋಣ ಅಂತಿದ್ದೇನೆ. ಆದರೆ ಕಂಪನಿ ಆಯೋಗಕ್ಕೆ ಕೊಡುವ ದರ ಅರ್ಜಿ ತೆರೆದರೆ ಪುಟಗಟ್ಟಲೆ ಕೋಷ್ಟಕ, ತಲೆ ಗಿರ್ ಅನ್ನುತ್ತದೆ.

ಈ ಖರ್ಚು ಅದರಲ್ಲಿ ಯಾವ ಭಾಗದಲ್ಲಿರುತ್ತದೆ? 'ಡಿಎಸ್‌ಎಂ' (ಡಿಮ್ಯಾಂಡ್ ಸೈಡ್ ಮ್ಯಾನೇಜ್‌ಮೆಂಟ್, ಅಂದರೆ ಬಳಸುವವರ ಕಡೆಯಲ್ಲಿ ಕರೆಂಟ್ ಉಳಿಸುವ ಕೆಲಸ) ಅಂತ ಹುಡುಕಿದರೆ ಸಾಕಾ? ಉಳಿತಾಯವನ್ನು ಹೊರಗಿನವರು ಅಳೆದ ವರದಿ ಕೇಳಿ ಯಾರಾದರೂ ಆರ್‌ಟಿಐ ಹಾಕಿದ್ದರೆ ಅರ್ಜಿಯ ನಮೂನೆ ಕಳಿಸಿ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು, ಸುಮ್ನೆ ಉದ್ದ ಬರೆದರೆ ವಾಪಸ್ ಬರಬಹುದು. ಚಿಕ್ಕಮಗಳೂರಿನವರೂ ಹೇಳಿ. ನಿಮ್ಮದು ಬೇರೆ ಕಂಪನಿ, ಆದರೆ ಕೆಇಆರ್‌ಸಿ ಒಂದೇ.