ವಿಟಮಿನ್ ಡಿ ಪುಡಿಯಿಂದ ಕೊಲೆಸ್ಟ್ರಾಲ್ ಇಳೀತದಾ?

ಕದ್ರಿಗುಡ್ಡೆ: ನನ್ನ ವಿಟಮಿನ್ ಡಿ 11, ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ 158 ಇತ್ತು. ವಾರಕ್ಕೊಂದು 60,000 ಯೂನಿಟ್ ಪುಡಿ ಹಾಲಿಗೆ ಹಾಕಿ ಎಂಟು ವಾರ ಕುಡಿದೆ. ಎಲ್‌ಡಿಎಲ್ 131ಕ್ಕೆ ಬಂತು, ಮೊಣಗಂಟಿನ ಊತವೂ ಇಳಿಯಿತು. ಬಿಸಿಲು ಬಿದ್ದರೆ ಚರ್ಮ ಕೊಲೆಸ್ಟ್ರಾಲನ್ನೇ ವಿಟಮಿನ್ ಡಿ ಮಾಡ್ತದೆ, ಬೀಳದಿದ್ರೆ ಅದು ರಕ್ತದಲ್ಲೇ ಉಳೀತದೆ. ಡಾಕ್ಟ್ರುಗಳು ಇದನ್ನು ಯಾಕೆ ಹೇಳುದಿಲ್ಲ?

ಲ್ಯಾಬಕ್ಕ: ಚರ್ಮ ಬಳಸುದು ಕೊಲೆಸ್ಟ್ರಾಲನ್ನಲ್ಲ, ಅದಕ್ಕೆ ಒಂದು ಮೆಟ್ಟಿಲು ಹಿಂದಿನ 7-ಡಿಹೈಡ್ರೊಕೊಲೆಸ್ಟ್ರಾಲನ್ನು. ಅದೂ ಮೈಕ್ರೊಗ್ರಾಂ ಲೆಕ್ಕದಲ್ಲಿ. ರಕ್ತದ ಕೊಲೆಸ್ಟ್ರಾಲ್ ಗ್ರಾಂ ಲೆಕ್ಕದ್ದು. ವಿಟಮಿನ್ ಡಿ ಕೊಟ್ಟು ನೋಡಿದ, 2018ರಲ್ಲಿ ಬಂದ ವೈಟಲ್ ಪ್ರಯೋಗ ನೋಡಿ: 25,871 ಜನ, ದಿನಕ್ಕೆ 2,000 ಯೂನಿಟ್, ಐದು ವರ್ಷ. ಹೃದಯಾಘಾತ, ಪಾರ್ಶ್ವವಾಯು ಕಡಿಮೆ ಆಗ್ಲಿಲ್ಲ.

ಕದ್ರಿಗುಡ್ಡೆ: "ಕಡಿಮೆ ಆಗ್ಲಿಲ್ಲ" ಅಂತೀರಿ. ಅದೇ ಪ್ರಯೋಗದಲ್ಲಿ ಆಟೊಇಮ್ಯೂನ್ ಕಾಯಿಲೆ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿ ಬೀಳುವಂಥದ್ದು) 22% ಕಡಿಮೆ ಬಂದದ್ದನ್ನು ಯಾಕೆ ಬಿಟ್ರಿ? ಅದು ಉರಿಯೂತವೇ ಅಲ್ವಾ?

ಮಲ್ಪೆ_ಧಕ್ಕೆ: ಬಿಸಿಲು ಅಂದ್ರಲ್ಲ, ಬೆಳಿಗ್ಗೆ ಏಳಕ್ಕೆ ಬೀಚಲ್ಲಿ ನಡೆದ್ರೆ ಸಾಕು. ಪುಡಿ ಎಂತಕ್ಕೆ?

ಲ್ಯಾಬಕ್ಕ: ಏಳರ ಬಿಸಿಲಲ್ಲಿ ಡಿ ಮಾಡಿಸುವ ಯುವಿಬಿ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗ್ಬೇಕು, ಅಂದ್ರೆ ಹತ್ತು ಕಳೀಬೇಕು.

ಮಲ್ಪೆ_ಧಕ್ಕೆ: ಹತ್ತು ಕಳೆದ ಮೇಲೆ ಆ ಹೊಯ್ಗೆಯಲ್ಲಿ ಬರಿಗಾಲಲ್ಲಿ ನಿಂತಿದ್ದೀರಾ ನೀವು? ನಮ್ಮ ಅಜ್ಜ ಬೆಳಿಗ್ಗಿನ ಸೂರ್ಯನಿಗೆ ನೀರು ಬಿಟ್ಟೇ 92 ವರ್ಷ ಬದುಕಿದ್ದು.

ಪಡುಬಿದ್ರಿ: ಅಜ್ಜ ಹಗಲಿಡೀ ದೋಣಿಯಲ್ಲಿ ಇದ್ರು ಮಾರಾಯ್ರೆ, ಡಿ ಸಿಕ್ಕಿದ್ದು ಅಲ್ಲಿ. ಮಳೆಗಾಲದಲ್ಲಿ ನಮಗೆ ನೆರಳೇ ಬೀಳುದಿಲ್ಲ. ಬೂತಾಯಿ ಮೀನು ತಿನ್ನಿ, ಅದರಲ್ಲಿ ಡಿ ಉಂಟು.

ಮಲ್ಪೆ_ಧಕ್ಕೆ: ಮಳೆಗಾಲಕ್ಕೆ ಬೂತಾಯಿಯಾ! ಜೂನ್ 1ರಿಂದ ಜುಲೈ 31, 61 ದಿನ ಬೋಟೇ ಇಳಿಯುದಿಲ್ಲ. ಮೀನಿನ ವಿಷಯ ನಮಗೆ ಹೇಳ್ಬೇಡಿ.

ಪಡುಬಿದ್ರಿ: ನಾಡದೋಣಿಗೆ ನಿಷೇಧ ಇಲ್ಲ. ನಮ್ಮ ಮನೆಯದ್ದೇ ಇಳೀತದೆ.

ಮಲ್ಪೆ_ಧಕ್ಕೆ: ತೂಫಾನಿಗೆ ಎಷ್ಟು ದಿನ ಇಳೀತದೆ? ಬಂದ ಮೀನಿಗೆ ರೇಟ್ ಎಷ್ಟು? ಅದನ್ನೂ ಹೇಳಿ.

ಪಡುಬಿದ್ರಿ: ರೇಟ್ ಕೇಳಿದ್ದು ಯಾರು? ನಾನು ಹೇಳಿದ್ದು ಬೂತಾಯಿಯಲ್ಲಿ ಡಿ ಉಂಟು ಅಂತ.

ಲ್ಯಾಬಕ್ಕ: ಮೀನು ಬಿಡಿ. ಕದ್ರಿಯವ್ರೆ, ಉರಿಯೂತ ಇದ್ದಾಗ ರಕ್ತದ ಡಿ ಮಟ್ಟ ತಾನಾಗಿ ಇಳೀತದೆ. ಮೊಣಗಂಟಿನ ಆಪರೇಷನ್ ಆದವರಲ್ಲಿ ಎರಡು ಮೂರು ದಿನಕ್ಕೇ ಇಳಿದದ್ದನ್ನು ಅಳೆದಿದ್ದಾರೆ. ನಿಮ್ಮ 11 ಊತದಿಂದಲೇ ಬಂದದ್ದಿರಬಹುದು. ಆ ಎಂಟು ವಾರ ಬೇರೆ ಎಂತ ಬದಲಾಯಿಸಿದ್ರಿ?

ಕದ್ರಿಗುಡ್ಡೆ: ಸಂಜೆಯ ಗೋಳಿಬಜೆ, ಬನ್ಸ್ ಬಿಟ್ಟೆ. ನಡೀಲಿಕ್ಕೂ ಸುರು ಮಾಡಿದೆ. ಅದು ಬೇರೆ. ಪುಡಿ ನಾನು ಬಿಡುದಿಲ್ಲ.

ಲ್ಯಾಬಕ್ಕ: ಹಾಗಾದ್ರೆ ಕ್ಯಾಲ್ಸಿಯಂ ಟೆಸ್ಟ್ ಮಾಡಿಸಿ, ದಯವಿಟ್ಟು. ಡಿ ಅತಿಯಾದ್ರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ಮಲ್ಪೆ_ಧಕ್ಕೆ: ನಮ್ಮ ಅಜ್ಜ ಒಂದು ಟೆಸ್ಟೂ ಮಾಡಿಸಿದವರಲ್ಲ.